ಉಡಿ ಖಣದ ಬ್ಯಾಲೆ

ವಾಡಿಯಲ್ಲಿ ಬ್ಯಾಲೆ ಉಡುಪಿನ ಹಬ್ಬ ಮಾಡಿದೆವು ಎಂದರೆ ಕಲಬುರಗಿಯವರೇ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಮ್ಮೂರ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ರೈಲು ಬದಲಿಸುವ ಪ್ಲಾಟ್‌ಫಾರ್ಮು ಮತ್ತು ಸಿಮೆಂಟಿನ ಧೂಳು. ಜನ ಇಳಿಯುತ್ತಾರೆ, ಚಹಾ ಕುಡಿಯುತ್ತಾರೆ, ಇನ್ನೊಂದು ರೈಲು ಹತ್ತುತ್ತಾರೆ. ಊರೊಳಗೆ ಬಂದು ನೋಡುವವರು ಕಡಿಮೆ. ಹೋದ ಚಳಿಗಾಲದ ಆ ಭಾನುವಾರ ಬಂದಿದ್ದರೆ, ಇಪ್ಪತ್ತಾರು ಹುಡುಗಿಯರು ಚಪ್ಪಟೆ ಬೂಟಿಗೆ ರಿಬ್ಬನ್ನು ಸುತ್ತಿಕೊಂಡು, ಗರಿಗರಿ ನೆಟ್ಟಿನ ಲಂಗ ತೊಟ್ಟು, ಖಣದ ಕುಪ್ಪಸ ಕಟ್ಟಿಕೊಂಡು ಸಮುದಾಯ ಭವನದ ವೇದಿಕೆಯ ಮೇಲೆ ನಡೆದದ್ದು ಕಾಣುತ್ತಿತ್ತು. ಆ ಇಪ್ಪತ್ತಾರೂ ಉಡುಪು ಹೊಲಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನ ಮೈಕು ಹಿಡಿದವರು ಯಾರೂ ಹೇಳಲಿಲ್ಲ.

ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನನ್ನ ಅಣ್ಣನ ಮನೆ. ಅದರ ಮುಂದಿನ ಕೋಣೆ ನನ್ನ ಟೇಲರಿಂಗ್ ಅಂಗಡಿ, ಹಿಂದಿನ ಮೂಲೆ ನನ್ನ ಹಾಸಿಗೆ. ಸೇಡಂನಲ್ಲಿ ನನಗೊಬ್ಬ ಗಂಡ ಇದ್ದಾನೆ. ಹನ್ನೊಂದು ವರ್ಷದ ಹಿಂದೆ ಅವನನ್ನು ಬಿಟ್ಟು, ಹೊಲಿಗೆ ಯಂತ್ರವನ್ನು ಪ್ಯಾಸೆಂಜರ್ ರೈಲಿಗೆ ಏರಿಸಿಕೊಂಡು ಬಂದೆ. ಯಾಕೆ ಬಿಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವನು ಸತ್ತಿಲ್ಲ, ನಾನು ಹೋಗುವುದಿಲ್ಲ, ಅಷ್ಟು ತಿಳಿದರೆ ಸಾಕು.

ಆದರೆ ಓಣಿಯ ಹೆಂಗಸರಿಗೆ ಅಷ್ಟು ಸಾಕಾಗುತ್ತಿರಲಿಲ್ಲ. ಅವರ ಕಷ್ಟವೆಲ್ಲ ಉಡಿ ತುಂಬುವ ಹೊತ್ತಿಗೆ ಶುರುವಾಗುತ್ತಿತ್ತು. ಮದುವೆ, ಸೀಮಂತ, ಶ್ರಾವಣದ ಶುಕ್ರವಾರ, ಏನೇ ಇರಲಿ, ಮುತ್ತೈದೆಯರನ್ನು ಸಾಲಾಗಿ ಕೂರಿಸಿ ಸೆರಗಿನಲ್ಲಿ ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಖಣ, ಅಂದರೆ ಕುಪ್ಪಸದ ಬಟ್ಟೆ, ಇಟ್ಟು ಉಡಿ ತುಂಬುತ್ತಾರೆ. ತಟ್ಟೆ ನನ್ನ ಮುಂದೆ ಬಂದಾಗ ನಿಲ್ಲುತ್ತಿತ್ತು. ಗಂಡ ಸತ್ತವಳಾಗಿದ್ದರೆ ದಾಟಿ ಹೋಗುವುದು ಅವರಿಗೆ ಗೊತ್ತಿತ್ತು, ಗಂಡನ ಜೊತೆ ಇದ್ದವಳಾಗಿದ್ದರೆ ತುಂಬುವುದು ಗೊತ್ತಿತ್ತು. ನನ್ನನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆಗ ವೈನಿ, ಅಂದರೆ ಅಣ್ಣನ ಹೆಂಡತಿ, ಎಲ್ಲರನ್ನೂ ಪಾರು ಮಾಡುತ್ತಿದ್ದರು. "ಒಳಗ ಹಾಲ್ ಇಟ್ಟೀನಿ, ಉಕ್ಕತದೇನೋ ನೋಡ್ ಹೋಗು" ಎನ್ನುತ್ತಿದ್ದರು. ಹನ್ನೊಂದು ವರ್ಷ ನಾನು ಉಕ್ಕದ ಹಾಲನ್ನು ಕಾದಿದ್ದೇನೆ. ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು. ಸಿಟ್ಟೇ ವಾಸಿ, ಕೈಗೆ ಕೆಲಸ ಮಾಡುವ ಶಕ್ತಿ ಕೊಡುತ್ತದೆ.

ಮೂರು ವರ್ಷದ ಹಿಂದೆ ರೈಲ್ವೆ ಕ್ವಾರ್ಟರ್ಸಿಗೆ ಒಬ್ಬ ಎಂಜಿನಿಯರರ ಹೆಂಡತಿ ಬಂದರು. ಪುಣೆ ಕಡೆಯವರು, ಸಣ್ಣವರಿದ್ದಾಗಿನಿಂದ ಬ್ಯಾಲೆ ಕಲಿತವರು. ಅವರ ಕನ್ನಡ ಅರ್ಧ ಪುಸ್ತಕದ್ದು, ಅರ್ಧ ನಮ್ಮ ಸಂತೆಯಲ್ಲಿ ಕಲಿತದ್ದು. ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಶನಿವಾರ ಭಾನುವಾರ ಸಮುದಾಯ ಭವನದಲ್ಲಿ ಹುಡುಗಿಯರಿಗೆ ಕಲಿಸಲು ಶುರು ಮಾಡಿದರು. ಹಿಡಿದುಕೊಂಡು ನಿಲ್ಲಲು ಮರದ ಕೋಲು ಬೇಕಂತೆ, ಇಲ್ಲಿ ಎಲ್ಲಿಂದ ತರುವುದು? ಹುಡುಗಿಯರು ಕಿಟಕಿಯ ಸರಳು ಹಿಡಿದು ಒಂದು ಕಾಲು ಎತ್ತುತ್ತಿದ್ದರು. ನೆಲಕ್ಕೆ ಹಾಕಿದ್ದು ಶಹಾಬಾದಿನ ಪಾಲಿಶ್ ಕಲ್ಲು. ಕಾಲುಚೀಲ ಹಾಕಿಕೊಂಡು ತುದಿಬೆರಳಿನ ಮೇಲೆ ನಿಂತರೆ ನೇರ ಗೋಡೆಗೆ. ಮೊದಲ ತಿಂಗಳು ನಾಟ್ಯ ಕಲಿತದ್ದಕ್ಕಿಂತ ಜಾರಿ ಬಿದ್ದದ್ದೇ ಹೆಚ್ಚು. ನನ್ನ ಅಣ್ಣನ ಮಗಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು, ಆ ಗುಂಪಿನಲ್ಲೇ ದೊಡ್ಡವಳು. ಮಂಡಿ ಒಡೆದುಕೊಂಡು ಬಂದು ನನ್ನ ಅಂಗಡಿಯಲ್ಲಿ ಕೂತು ಅರಿಶಿನ ಹಚ್ಚಿಕೊಳ್ಳುತ್ತಿದ್ದಳು.

"ಯಾಕವ್ವ ಬೇಕು ಈ ಹೈರಾಣ?" ಎಂದು ಒಮ್ಮೆ ಕೇಳಿದೆ.

"ಅತ್ತಿ, ಬೆನ್ನ ನೆಟ್ಟಗ ಮಾಡಿ ನಿಂತ್ರ ಭಾಳ ಛಲೋ ಅನಸ್ತದ" ಎಂದಳು.

ಆ ಮಾತು ನನಗೆ ಹಿಡಿಸಿತು. ಅರಿಶಿನದ ಬಟ್ಟಲು ಅವಳ ಕಡೆ ಸರಿಸಿದೆ.

ಹಬ್ಬದ ಯೋಚನೆ ಮೇಡಂ ಅವರದು. ವೇದಿಕೆಯ ಮೇಲೆ ಬ್ಯಾಲೆ ಕುಣಿಸುವಷ್ಟು ಹುಡುಗಿಯರ ಕಾಲು ಇನ್ನೂ ಗಟ್ಟಿಯಾಗಿರಲಿಲ್ಲ, ಮನೆಗಳ ಮನಸ್ಸೂ ಗಟ್ಟಿಯಾಗಿರಲಿಲ್ಲ. ಆದರೆ ಬ್ಯಾಲೆಯ ಬಟ್ಟೆ ಈಗ ಎಲ್ಲ ಕಡೆ ಫ್ಯಾಷನ್ ಆಗಿದೆಯಂತೆ. ಚಪ್ಪಟೆ ಬೂಟು, ರಿಬ್ಬನ್ನು, ನೆಟ್ ಲಂಗ, ಎದೆಯ ಮೇಲೆ ಅಡ್ಡ ಹಾಯಿಸಿ ಸೊಂಟಕ್ಕೆ ಕಟ್ಟುವ ಅಂಗಿ. ಕುಣಿಯುವುದು ಬೇಡ, ಅದನ್ನು ತೊಟ್ಟು ನಡೆಯಲಿ, ಊರಿನವರೆಲ್ಲ ಬಂದು ನೋಡಲಿ ಎಂದರು. ಹುಡುಗಿಯರು ಕಾಲೇಜಿನ ಗೆಳತಿಯರಿಗೆ ಹೇಳಿದರು. ಶಹಾಬಾದಿನಿಂದ, ಚಿತ್ತಾಪುರದಿಂದ, ಸೇಡಂನಿಂದ ಹೆಸರು ಬಂದವು. ಚಿಂಚೋಳಿಯಿಂದ ನಾಲ್ವರು, ಅವರಲ್ಲಿ ಇಬ್ಬರು ಚಂದ್ರಂಪಳ್ಳಿ ಡ್ಯಾಮಿನ ಕಡೆಯವರು, ಎರಡು ಬಸ್ಸು ಒಂದು ರೈಲು ಹತ್ತಿ ಅಳತೆ ಕೊಡಲು ಬಂದರು. ಅಷ್ಟು ದೂರದಿಂದ ಅಳತೆ ಕೊಡಲು ಬಂದವರನ್ನು ನನ್ನ ಅಂಗಡಿ ಅದುವರೆಗೆ ಕಂಡಿರಲಿಲ್ಲ.

ಭವನ ಕೊಡಿಸಿದ್ದು, ಪೊಲೀಸರಿಗೆ ಅರ್ಜಿ ಬರೆದದ್ದು, ಕುರ್ಚಿ ಶಾಮಿಯಾನ ಹೇಳಿದ್ದು ಎಲ್ಲ ಮಹಿಳಾ ಮಂಡಳದ ಅಧ್ಯಕ್ಷರು. ಅವರು ನಿವೃತ್ತ ಶಾಲಾ ಶಿಕ್ಷಕಿ. ಅಕ್ಕೋರು ಎಂದೇ ಊರೆಲ್ಲ ಕರೆಯುತ್ತದೆ. ನನಗೂ ಮೂರನೇ ತರಗತಿಯಲ್ಲಿ ಕಲಿಸಿದವರು. ಒಂದು ಮಾತು ನ್ಯಾಯವಾಗಿ ಹೇಳಬೇಕು: ನಾನು ಸೇಡಂ ಬಿಟ್ಟು ಬಂದ ವಾರದಲ್ಲಿ ನನ್ನ ಅಂಗಡಿಗೆ ಮೊದಲ ಬ್ಲೌಸ್ ಹೊಲಿಯಲು ಕೊಟ್ಟವರು ಅವರೇ. ಅದಕ್ಕೇ ಮುಂದೆ ಆದದ್ದು ನನಗೆ ಅಷ್ಟು ಚುಚ್ಚಿತು.

ಮೇಡಂ ಫೋನಿನಲ್ಲಿ ಚಿತ್ರ ತೋರಿಸಿದರು. ಎಲ್ಲ ತಿಳಿ ಗುಲಾಬಿ, ಹಾಲಿನ ಬಿಳಿ.

"ಮೇಡಂ, ನೀವು ವಾಡಿಗಿ ಬಂದು ಮೂರ್ ವರ್ಷ ಆಯ್ತು. ಬಿಳಿ ಬಟ್ಟಿ ಒಣಗಿ ಹಾಕಿದ್ರ ಸಂಜೀಕ ಯಾವ ಬಣ್ಣ ಇರ್ತದ ಹೇಳ್ರಿ?" ಎಂದೆ.

ಅವರು ನಕ್ಕು, "ಬೂದಿ ಬಣ್ಣ" ಎಂದರು.

"ಹಂಗಾರ ಮೊದಲೇ ಬೂದಿ ಬಣ್ಣದ್ದು ತರ್ರಿ. ಧೂಳಿಗಿ ನಾವ್ಯಾಕ ಅಂಜಬೇಕು?"

ಹಾಗೆ ಲಂಗದ ಬಣ್ಣ ನಿಗದಿಯಾಯಿತು. ಶಹಾಬಾದ್ ಕಲ್ಲಿಗೆ ನೀರು ಹಾಕಿದಾಗ ಕಾಣುವ ನೀಲಿ ಬೂದಿ. ಲೆಹಂಗಾದ ಒಳಗೆ ಉಬ್ಬಲು ಹಾಕುವ ದೊಡ್ಡ ಕಣ್ಣಿನ ಗಟ್ಟಿ ಕ್ಯಾನ್‌ಕ್ಯಾನ್ ನೆಟ್ಟನ್ನು ಸೊಲ್ಲಾಪುರದಿಂದ ತರಿಸಿ, ಒಳಗಲ್ಲ, ಹೊರಗೇ ಮೂರು ಪದರ ಹಾಕಿದೆ. ಇಳಿಬೀಳಲಿಲ್ಲ, ಸೊಂಟದ ಸುತ್ತ ಹರಡಿ ನಿಂತಿತು.

ಅಂಗಿಯ ಚಿತ್ರ ನೋಡಿದಾಗ ನನಗೆ ನಗು ತಡೆಯಲಿಲ್ಲ. ಎರಡು ಅಂಚು ಮುಂದೆ ತಂದು ಗಂಟು ಹಾಕುವುದು! ನಮ್ಮ ಅಜ್ಜಿ ಸಾಯುವವರೆಗೂ ತೊಟ್ಟದ್ದು ಅದನ್ನೇ. ಖಣದ ಕುಪ್ಪಸ, ಗುಂಡಿ ಇಲ್ಲ, ಹುಕ್ಕು ಇಲ್ಲ, ಮುಂದೆ ಒಂದು ಗಂಟು. ಅಜ್ಜಿಯದು ಎದೆಯ ಕೆಳಗೆ ಕಟ್ಟುತ್ತಿತ್ತು, ಇದು ಸೊಂಟ ಸುತ್ತಿ ಪಕ್ಕದಲ್ಲಿ ಕಟ್ಟುತ್ತದೆ, ಫರಕು ಅಷ್ಟೇ. ಪರದೇಶದ ರಾಣಿಯರ ಮುಂದೆ ಕುಣಿಯುವವರು ಹಾಕಿದರೆ ಫ್ಯಾಷನ್, ಜೋಳದ ಹೊಲದಲ್ಲಿ ಕಳೆ ತೆಗೆಯುವ ಮುದುಕಿ ಹಾಕಿದರೆ ಹಳೆಕಾಲ. ನಾನು ಮೇಡಂಗೆ ಹೇಳಿಯೇಬಿಟ್ಟೆ: "ಅಂಗಿ ನಾ ಖಣದಾಗ ಹೊಲಿತೀನಿ. ಬ್ಯಾರೆ ಬಟ್ಟಿ ತಂದ್ರ ಕತ್ರಿ ಮುಟ್ಟಂಗಿಲ್ಲ." ಮೇಡಂ ಒಂದು ಮಾದರಿ ತೊಟ್ಟು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, ಆಯಿತು ಎಂದರು.

ಖಣ ಎಲ್ಲಿಂದ? ಇದು ಟೇಲರಳಿಗೆ ಮಾತ್ರ ಗೊತ್ತಿರುವ ಗುಟ್ಟು. ನಮ್ಮ ಕಡೆ ಯಾವ ಮನೆಯ ಟ್ರಂಕು ತೆರೆದರೂ ಉಡಿಯಲ್ಲಿ ಬಂದ ಇಪ್ಪತ್ತು ಮೂವತ್ತು ಖಣ ಇರುತ್ತವೆ. ಅವನ್ನು ಯಾರೂ ಹೊಲಿಸುವುದಿಲ್ಲ. ಇವರ ಉಡಿಯಿಂದ ಅವರ ಉಡಿಗೆ, ಅಲ್ಲಿಂದ ಮುಧೋಳದ ಬೀಗರ ಉಡಿಗೆ, ಮತ್ತೆ ತಿರುಗಿ ಇಲ್ಲಿಗೆ. ಮಡಿಕೆ ಕೂಡ ಬಿಚ್ಚದೆ ಜಿಲ್ಲೆ ಸುತ್ತಿದ ಖಣಗಳಿವೆ. ನಾನು ಮನೆ ಮನೆಗೆ ಹೋಗಿ, "ತಿರುಗೋ ಖಣ ಕೊಡ್ರಿ, ಒಂದ್ ಕಡಿ ನಿಲ್ಲಸ್ತೀನಿ" ಎಂದು ಕೇಳಿದೆ. ಎಲ್ಲರೂ ಖುಷಿಯಿಂದ ಕೊಟ್ಟರು. ಒಬ್ಬರು ಕೊಟ್ಟ ಹಸಿರು ಖಣದ ಮೂಲೆಯಲ್ಲಿ ನನ್ನದೇ ಪೆನ್ನಿನ ಗುರುತಿತ್ತು. ಏಳು ವರ್ಷದ ಹಿಂದೆ ಅದನ್ನು ನನ್ನ ಅಂಗಡಿಯಿಂದಲೇ ವೈನಿ ಯಾರಿಗೋ ಕೊಟ್ಟಿದ್ದರು.

ಆದರೆ ಟ್ರಂಕಿನಲ್ಲಿ ತಿರುಗದ ಖಣವೂ ಇರುತ್ತದೆ. ತವರಿನಿಂದ ಹೊರಡುವಾಗ ತಾಯಿ ತುಂಬಿದ ಮೊದಲ ಉಡಿಯದು. ಅದನ್ನು ಯಾರಿಗೂ ಕೊಡುವುದಿಲ್ಲ. ಗುರುತು ಸಿಗಲೆಂದು ಅದರ ಮೂಲೆಯಲ್ಲಿ ಒಂದು ಅರಿಶಿನದ ಕೊಂಬು ಕಟ್ಟಿಡುವುದು ನಮ್ಮ ಓಣಿಯ ರೂಢಿ. ಕೊಂಬು ಕಟ್ಟಿದ್ದನ್ನು ನಾನು ಯಾರ ಮನೆಯಲ್ಲೂ ಮುಟ್ಟಲಿಲ್ಲ.

ಅಕ್ಕೋರ ಮನೆಗೆ ಹೋದಾಗ ಅವರಿರಲಿಲ್ಲ. ಅವರ ಸೊಸೆ ತಾಂಡೂರು ಕಡೆಯ ಹುಡುಗಿ, ಬಂದು ಒಂದು ವರ್ಷವಾಗಿತ್ತು. ಒಳಗೆ ಹೋಗಿ ಒಂದು ಖಣ ತಂದುಕೊಟ್ಟಳು. ಕಪ್ಪು ನೀಲಿ ಮೈ, ಕೆಂಪು ಅಂಚು, ಈಗ ಸಿಗದಂಥ ನೇಯ್ಗೆ. ಕೊಂಬು ಇರಲಿಲ್ಲ. ಇದ್ದದ್ದನ್ನು ಅವಳು ಬಿಚ್ಚಿದ್ದಳು ಎಂಬುದು ನನಗೆ ಆಮೇಲೆ ಗೊತ್ತಾಯಿತು. ಒಣಗಿ ಸುಕ್ಕಾದ ಅರಿಶಿನ ಕಟ್ಟಿಕೊಂಡೇ ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ಮರ್ಯಾದೆಗೆ ಬಿಚ್ಚಿದ್ದಳು, ಪಾಪ. ನಾನು ಮನೆಗೆ ತಂದು, ಇಷ್ಟು ಚೆಂದದ್ದು ಮುಂದೆ ನಡೆಯುವವಳಿಗೇ ಆಗಲಿ ಎಂದು, ಅಣ್ಣನ ಮಗಳ ಅಳತೆಗೆ ಕತ್ತರಿಸಿದೆ.

ಹಬ್ಬಕ್ಕೆ ಹತ್ತು ದಿನವಿದ್ದಾಗ ಅಕ್ಕೋರು ಅಂಗಡಿಗೆ ಬಂದರು. ಏಳೆಂಟು ಹುಡುಗಿಯರು ಕೂತು ಲಂಗಕ್ಕೆ ಪಟ್ಟಿ ಹಾಕುತ್ತಿದ್ದರು. ಅಕ್ಕೋರು ಒಂದೊಂದೇ ಉಡುಪು ಎತ್ತಿ ನೋಡಿ ಛಲೋ ಆಗ್ಯಾವ, ಛಲೋ ಆಗ್ಯಾವ ಎನ್ನುತ್ತಾ ಬಂದವರು, ಮೇಜಿನ ಮೇಲಿದ್ದ ಕಪ್ಪು ನೀಲಿ ತೋಳು ಕಂಡು ಮುಂದಕ್ಕೆ ಬಾಗಿದರು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇದು ನಮ್ಮವ್ವ ತುಂಬಿದ ಉಡಿ" ಎಂದರು.

ನಾನು ಕತ್ತರಿ ಕೆಳಗಿಟ್ಟೆ. ಆಗಿದ್ದನ್ನೆಲ್ಲ ಹೇಳಿದೆ. ಕೈ ಹಿಡಿದು ಕ್ಷಮೆ ಕೇಳಿದೆ. ಮನಸ್ಸಿಟ್ಟೇ ಕೇಳಿದೆ, ಏಕೆಂದರೆ ಸತ್ತ ತಾಯಿಯ ಬಟ್ಟೆಗೆ ಕತ್ತರಿ ಬಿದ್ದರೆ ಎಂಥವರ ಹೊಟ್ಟೆಗೂ ಕತ್ತರಿ ಹಾಕಿದಂತಾಗುತ್ತದೆ. ಬೇಕಿದ್ದರೆ ಜೋಡಿಸಿ ಅವರಿಗೇ ಒಂದು ಕುಪ್ಪಸ ಮಾಡಿಕೊಡುತ್ತೇನೆ ಎಂದೆ. ಮಾತು ಅಷ್ಟಕ್ಕೇ ನಿಂತಿದ್ದರೆ ಇಬ್ಬರೂ ಅತ್ತು ಮುಗಿಸುತ್ತಿದ್ದೆವು.

ಆದರೆ ಅವರು ಅಷ್ಟಕ್ಕೆ ಬಿಡಲಿಲ್ಲ. "ಕತ್ತರಿ ಬಿದ್ದಿದ್ದು ಇರಲಿ. ಯಾರ ಕೈಲೆ ಬಿತ್ತು ಅನ್ನೋದು ನೋಡಬೇಕಲ್ಲ. ಗಂಡನ್ನ ಬಿಟ್ಟ ಬಂದಾಕಿ ಕೈಲೆ" ಎಂದರು. ಹುಡುಗಿಯರ ಸೂಜಿ ನಿಂತವು.

"ಅಕ್ಕೋರೆ, ಊರಿನ ಮದುಮಕ್ಕಳ ಬ್ಲೌಸೆಲ್ಲ ಇದೇ ಕೈಲೆ ಹೊಲಿದೀನ್ರಿ."

"ಅದು ಬ್ಯಾರೆ. ಅಂಗಡಿ ಕೆಲಸ ಅಂಗಡಿದಾಗ. ಸ್ಟೇಜಿನ ಮ್ಯಾಲ ನಡೆದ ಹುಡ್ಗ್ಯಾರಿಗೆಲ್ಲ ಮಂಡಳದಿಂದ ಉಡಿ ತುಂಬಬೇಕಂತ ಮಾಡೀವಿ. ಆವತ್ತ ನೀ ಮುಂದ ಬರಬ್ಯಾಡ. ಹಿಂದ ಕುಂತು ಏನ್ ಹೊಲಿಯೋದು ಅದನೋ ಅದನ್ನ ಹೊಲಿ."

ಹೊಲಿದವಳು ಕೊನೆಗೆ ಹುಡುಗಿಯರ ಜೊತೆ ವೇದಿಕೆಗೆ ಬಂದು ನಿಲ್ಲಬೇಕು, ಎಲ್ಲ ಕಡೆ ಹಾಗೇ ಮಾಡುತ್ತಾರೆ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ನಾನು ಅದಕ್ಕೆಂದು ಒಂದು ಸೀರೆಗೆ ಫಾಲ್ ಕೂಡ ಹಚ್ಚಿಟ್ಟಿದ್ದೆ. ಹನ್ನೊಂದು ವರ್ಷದಲ್ಲಿ ಜನರ ಮುಂದೆ ನಾನಾಗಿ ನಿಲ್ಲುವ ಒಂದೇ ಒಂದು ಅವಕಾಶ ಅದು. ನನಗೆ ಬೇಕಿತ್ತು. ಬೇಡವೆಂದು ಸುಳ್ಳು ಹೇಳುವುದಿಲ್ಲ, ಬಹಳ ಬೇಕಿತ್ತು.

"ಕೊರಳಾಗ ಲಿಂಗ ಕಟಗೊಂಡು ಹಿಂಗ ಮೈಲಿಗಿ ಹೇಳ್ತೀರೇನ್ರಿ? ಲಿಂಗ ಇದ್ದೋರಿಗಿ ಸೂತಕ ಇಲ್ಲಂತ ಕಲಿಸಿದವರು ನೀವೇ ಅದೀರಿ" ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

"ಇದು ಸೂತಕದ ಮಾತಲ್ಲ, ರೀತಿ ಮಾತು" ಎಂದು ಅವರು ಎದ್ದರು. ಆ ತೋಳನ್ನು ಮಾತ್ರ ಮೇಜಿನ ಮೇಲೇ ಇಟ್ಟು ಹೋದರು. ನಾನು ಅದನ್ನು ಅಂದೇ ಜೋಡಿಸಿದೆ. ಕತ್ತರಿಸಿದ್ದಕ್ಕೆ ಕ್ಷಮೆ ಕೇಳಿದ್ದೆ. ಆ ಕೈ ನನ್ನದು ಎಂಬುದಕ್ಕೆ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಆ ದಿನವೇ ವೈನಿಗೆ ಸುದ್ದಿ ಮುಟ್ಟಿತ್ತು. ಜೋಳದ ರೊಟ್ಟಿ ತಟ್ಟುತ್ತಿದ್ದವರು ನಾನು ಒಳಗೆ ಹೋದೊಡನೆ ಕೈ ನಿಲ್ಲಿಸಿದರು. ಮಗಳನ್ನು ನೋಡಲು ಚಿಂಚೋಳಿಯಿಂದ ಬೀಗಸ್ತನ ಬೆಳೆಸುವವರು ಬರುವವರಿದ್ದರು. ಹಬ್ಬದ ನೆಪದಲ್ಲಿ ಅವತ್ತೇ ಬಂದು ದೂರದಿಂದ ನೋಡಿ ಹೋಗುವುದೆಂದು ನಿಗದಿಯಾಗಿತ್ತು.

"ನಿನಗ ಕೈ ಮುಗೀತೀನಿ, ಆವತ್ತೊಂದಿನ ಹಿಂದ ಕುಂದ್ರು. ಅವರ ಮುಂದ ರಂಪ ಬ್ಯಾಡ. ಹುಡುಗಿ ಬಾಳೇವು ಅದ" ಎಂದರು.

ವೈನಿ ಕೆಟ್ಟವರಲ್ಲ. ಹನ್ನೊಂದು ವರ್ಷ ಅವರ ಒಲೆಯ ರೊಟ್ಟಿ ತಿಂದಿದ್ದೇನೆ, ಒಂದು ದಿನ ಮುಖ ಗಂಟು ಹಾಕಿ ಬಡಿಸಿದವರಲ್ಲ. ಅವರು ಕೈ ಮುಗಿದದ್ದು ಅಕ್ಕೋರ ಮಾತಿಗಿಂತ ಹೆಚ್ಚು ತಾಗಿತು. ಆಯಿತು ವೈನಿ ಎಂದೆ. ಫಾಲ್ ಹಚ್ಚಿದ ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಸೋತೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಹತ್ತು ದಿನ ನಾನು ಸೋತೇ ಇದ್ದೆ. ಅಣ್ಣನ ಮಗಳು ನನ್ನ ಜೊತೆ ಮಾತು ಬಿಟ್ಟಳು. ಅಮ್ಮನ ಮಾತಿಗೆ ಒಪ್ಪಿದ್ದಕ್ಕೆ, ಅಮ್ಮನ ಮೇಲಲ್ಲ, ನನ್ನ ಮೇಲೆ ಸಿಟ್ಟು.

ಹಬ್ಬದ ಮಧ್ಯಾಹ್ನ ಊರು ಊರಾಗಿರಲಿಲ್ಲ. ಚಿತ್ತಾಪುರದ ಹುಡುಗಿಯರು ಉತ್ಸಾಹಕ್ಕೆ ಮನೆಯಿಂದಲೇ ಲಂಗ ತೊಟ್ಟು ಪ್ಯಾಸೆಂಜರ್ ಹತ್ತಿದ್ದರು. ಒಬ್ಬೊಬ್ಬಳಿಗೆ ಮೂರು ಸೀಟು ಬೇಕಾಗಿ ಡಬ್ಬಿಯಲ್ಲಿ ಜಗಳವಾಗಿ, ಕೊನೆಗೆ ಬಾಗಿಲ ಬಳಿ ನಿಂತೇ ಬಂದರು. ಭವನದ ಹೊರಗೆ ಮಿರ್ಚಿ ಭಜಿ ಗಾಡಿ, ಬಳೆ ಅಂಗಡಿ, ರಿಬ್ಬನ್ನು ಮಾರುವವರು. ರೈಲ್ವೆಯವರು, ಕಾರ್ಖಾನೆಯವರು, ಶಹಾಬಾದಿನ ಕಲ್ಲು ಪಾಲಿಶ್ ಮಾಡುವವರು ಹೆಂಡತಿ ಮಕ್ಕಳ ಸಮೇತ ಬಂದು ಕೂತಿದ್ದರು. ನಗಾಡಲು ಬಂದವರೂ ಇದ್ದರು, ಇರಲಿ, ಅವರಿಗೂ ಕುರ್ಚಿ ಹಾಕಿದ್ದೆವು.

ನಾನು ಪರದೆಯ ಹಿಂದೆ. ದಿನದ ಹತ್ತಿ ಸೀರೆ, ಕೊರಳಲ್ಲಿ ಅಳತೆ ಪಟ್ಟಿ, ಸೆರಗು ಸೊಂಟಕ್ಕೆ ಸಿಗಿಸಿ. ಒಬ್ಬ ಹುಡುಗಿಗೂ ಆ ಗಂಟು ಕಟ್ಟಲು ಬರಲಿಲ್ಲ. ಸಡಿಲ ಕಟ್ಟಿದರೆ ಬಿಚ್ಚುತ್ತದೆ, ಬಿಗಿ ಕಟ್ಟಿದರೆ ಉಸಿರಾಡಲಾಗುವುದಿಲ್ಲ. ಇಪ್ಪತ್ತಾರು ಗಂಟೂ ನಾನೇ ಕಟ್ಟಿದೆ. ಅಣ್ಣನ ಮಗಳು ಕೊನೆಗೆ ಬಂದು ಮಾತಾಡದೆ ಕೈ ಎತ್ತಿ ನಿಂತಳು. ಕಪ್ಪು ನೀಲಿ ಖಣ ಅವಳ ಮೈಗೆ ಕೂತದ್ದು ನೋಡಿ, ಗಂಟನ್ನು ಇನ್ನೊಮ್ಮೆ ಸರಿಮಾಡಿದೆ.

ಹಾಡು ಶುರುವಾಯಿತು, ಹುಡುಗಿಯರು ಹೋದರು. ಬೆನ್ನು ನೆಟ್ಟಗೆ, ಕತ್ತು ಮೇಲೆ, ಹಿಮ್ಮಡಿ ನೆಲಕ್ಕೆ ತಾಗಿಸದಂತೆ. ಜಾರುವ ಕಲ್ಲಿನ ಮೇಲೆ ಒಬ್ಬಳೂ ಜಾರಲಿಲ್ಲ. ನಗಾಡಲು ಬಂದವರ ಬಾಯಿ ಮುಚ್ಚಿತು. ಒಬ್ಬ ಮುದುಕಿ, "ಇದು ನಮ್ಮ ಕುಪ್ಸಾನೇ ಅದ ನೋಡ್ರೇ" ಎಂದು ಕೂಗಿದಳು, ಭವನವೆಲ್ಲ ಚಪ್ಪಾಳೆ ಹೊಡೆಯಿತು. ಆಗ ಮಂಡಳದವರೊಬ್ಬರು ಮೈಕಿನಲ್ಲಿ, "ಈ ಸುಂದರ ಉಡುಪುಗಳನ್ನು ತಯಾರಿಸಿದವರು ನಮ್ಮ ಮಹಿಳಾ ಮಂಡಳ" ಎಂದರು.

ನನ್ನ ಮೈಯೆಲ್ಲ ಉರಿಯಿತು. ಮಂಡಳದವರು ಸೂಜಿಗೆ ದಾರ ಕೂಡ ಪೋಣಿಸಿರಲಿಲ್ಲ. ಆದರೂ ಕೂತೇ ಇದ್ದೆ, ವೈನಿಗೆ ಮಾತು ಕೊಟ್ಟಿದ್ದೆ.

ಹುಡುಗಿಯರು ಸಾಲಾಗಿ ನಿಂತರು. ಅಕ್ಕೋರು ಬಂದರು, ಅವರ ಹಿಂದೆ ಸೊಸೆ ದೊಡ್ಡ ತಟ್ಟೆ ಹಿಡಿದಿದ್ದಳು. ಮೊದಲು ಅಣ್ಣನ ಮಗಳು. ಅಕ್ಕೋರು ಅಕ್ಕಿ ಹಿಡಿ ತುಂಬಿ ಎತ್ತಿದರು. ಅವಳಿಗೆ ಸೆರಗು ಎಲ್ಲಿದೆ? ಲಂಗದ ಮೇಲಿನ ಪದರ ಎರಡು ಕೈಯಲ್ಲಿ ಎತ್ತಿ ಹಿಡಿದಳು. ಅಕ್ಕೋರು ಅಕ್ಕಿ ಹಾಕಿದರು. ಅಷ್ಟೂ ಅಕ್ಕಿ ನೆಟ್ಟಿನ ಕಣ್ಣಿನೊಳಗಿಂದ ಸರ್ ಎಂದು ನೆಲಕ್ಕೆ ಹೋಯಿತು.

ಇಷ್ಟು ದಿನ ಆ ನೆಟ್ಟು ಹೊಲಿದವಳು ನಾನು, ಉಡಿ ತುಂಬುತ್ತಾರೆಂದು ತಿಳಿದವಳೂ ನಾನು. ನನಗೂ ಹೊಳೆದಿರಲಿಲ್ಲ. ಮಂಡಳದ ಅಷ್ಟೂ ಜನರಿಗೆ ಹೊಳೆದಿರಲಿಲ್ಲ. ಉಡಿ ಎಂದರೆ ಸೆರಗು ಇದ್ದೇ ಇರುತ್ತದೆ ಎಂದು ಎಲ್ಲರೂ ನಂಬಿದ್ದೆವು.

ಭವನದಲ್ಲಿ ಮೊದಲು ಯಾರೋ ನಕ್ಕರು, ಆಮೇಲೆ ಹೆಂಗಸರು ಅಯ್ಯೋ ಎಂದರು. ಉಡಿ ಅಕ್ಕಿ ನೆಲಕ್ಕೆ ಬಿದ್ದು ಕಾಲಿಗೆ ಸಿಕ್ಕರೆ ನಮ್ಮಲ್ಲಿ ಅದಕ್ಕಿಂತ ಅಪಶಕುನ ಇಲ್ಲ. ಅಕ್ಕೋರು ಎರಡನೇ ಹಿಡಿ ಎತ್ತಿದವರು ಹಾಗೇ ನಿಂತರು. ಹಾಕುವಂತಿಲ್ಲ, ತಟ್ಟೆಗೆ ಮರಳಿಸುವಂತಿಲ್ಲ. ಅಣ್ಣನ ಮಗಳ ಮುಖ ಬಿಳಿಚಿತ್ತು, ಮೂರನೇ ಸಾಲಿನಲ್ಲಿ ಚಿಂಚೋಳಿಯವರು ಕೂತಿದ್ದರು.

ನಾನು ಎದ್ದೆ. ಯಾರೂ ಕರೆಯಲಿಲ್ಲ. ಪರದೆ ಸರಿಸಿ ಬರಿಗಾಲಲ್ಲಿ ವೇದಿಕೆಗೆ ಬಂದೆ. ಹಿಮ್ಮಡಿ ಊರಿ ಧಪಧಪ ನಡೆದೆ, ನನಗೆ ಬರುವುದು ಅದೊಂದೇ ನಡಿಗೆ. ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೊಂಟದಿಂದ ಸೆರಗು ಬಿಚ್ಚಿ, ಅವಳ ಲಂಗದ ಕೆಳಗೆ ಹಾಸಿ ಹಿಡಿದೆ. ನೆಲದ ಅಕ್ಕಿ ಬಳಿದು ಮೊದಲು ಅದರಲ್ಲಿ ಹಾಕಿಕೊಂಡೆ.

"ಹಾಕ್ರಿ ಅಕ್ಕೋರೆ" ಎಂದೆ.

ಅವರು ನನ್ನನ್ನೇ ನೋಡಿದರು. ಕೈ ತುಂಬ ಅಕ್ಕಿ. ಕೆಳಗೆ ಒಂದೋ ಕಲ್ಲು, ಇಲ್ಲವೇ ನನ್ನ ಸೆರಗು. ಇಡೀ ಭವನಕ್ಕೆ ಗೊತ್ತಿತ್ತು. ನಾನು ಕಣ್ಣು ಕೆಳಗೆ ಹಾಕಲಿಲ್ಲ. ಬೆನ್ನು ನೆಟ್ಟಗಿತ್ತು.

"ಹಾಕ್ರೀ... ಎಲ್ಲಾ ಹುಡ್ಗ್ಯಾರು ನಿಂತಾರ" ಎಂದೆ ಮತ್ತೊಮ್ಮೆ.

ಅವರ ಸೊಸೆ ಹಿಂದಿನಿಂದ ಮೆಲ್ಲಗೆ, "ಅತ್ತಿ, ಹಾಕ್ರಿ" ಎಂದಳು.

ಅಕ್ಕೋರು ಹಾಕಿದರು. ಎರಡು, ಮೂರು, ನಾಲ್ಕು, ಐದು. ಅಕ್ಕಿ ಲಂಗದ ಕಣ್ಣಿನಲ್ಲಿ ಜರಡಿ ಹಿಡಿದಂತೆ ಇಳಿದು ನನ್ನ ಸೆರಗಿಗೆ ಬಿತ್ತು. ಕಾಯಿ, ಖಣ ಹುಡುಗಿ ಕೈಯಲ್ಲಿ ಹಿಡಿದಳು. ನಾನು ಕೂತಲ್ಲೇ ಸರಿದು ಎರಡನೆಯವಳ ಮುಂದೆ ಹೋದೆ. ಅ‌ಲ್ಲಿಂದ ಮೂರನೆಯವಳು. ಹತ್ತನೆಯವಳ ಹೊತ್ತಿಗೆ ಸೆರಗು ಭಾರವಾಗಿ ಎರಡೂ ಕೈ ಬೇಕಾದವು. ಕೆಳಗೆ ಯಾರೋ ಹೆಂಗಸರು ಎಣಿಸತೊಡಗಿದ್ದರು. ಇಪ್ಪತ್ತಾರನೆಯವಳು ಚಂದ್ರಂಪಳ್ಳಿಯ ಸಣ್ಣ ಹುಡುಗಿ, ಅವಳು ನಗುತ್ತಲೇ ಇದ್ದಳು. ಅವಳದೂ ಮುಗಿಯಿತು. ತಟ್ಟೆ ಬರಿದಾಗಿತ್ತು. ನನಗೆ ಏಳಲಾಗಲಿಲ್ಲ, ಇಬ್ಬರು ಹುಡುಗಿಯರು ರಟ್ಟೆ ಹಿಡಿದು ಎಬ್ಬಿಸಿದರು.

ಅಕ್ಕೋರು ಹತ್ತಿರ ಬಂದು ಮೆಲ್ಲಗೆ, "ಇದು ಹುಡ್ಗ್ಯಾರ ಉಡಿ. ನಿಂದಲ್ಲ, ತಿಳೀತೇನು?" ಎಂದರು.

ಮೈಕು ಅಲ್ಲೇ ಇತ್ತು. ನಾನು ಮೆಲ್ಲಗೆ ಮಾತಾಡಲಿಲ್ಲ. "ಯಾರ ಸೆರಗಿನಾಗ ಬಿದ್ದದನೋ ಅವರದ್ರಿ. ಮತ್ತ ಈ ಬಟ್ಟಿ ಹೊಲಿದಾಕಿ ನಾನು" ಎಂದೆ.

ಚಪ್ಪಾಳೆ ಎಷ್ಟಾಯಿತೆಂದು ಹೇಳಲಾರೆ. ಎಲ್ಲರೂ ಹೊಡೆಯಲಿಲ್ಲ. ಮುಂದಿನ ಸಾಲಿನ ಕೆಲವು ಹೆಂಗಸರು ಎದ್ದು ಹೋದರು. ಮೇಡಂ ಅಳುತ್ತಾ ನಗುತ್ತಾ ಇದ್ದರು. ಚಿಂಚೋಳಿಯವರು ಫೋನ್ ಮಾಡಿ ತಿಳಿಸುತ್ತೇವೆಂದು ಹೋದವರು ಇನ್ನೂ ಮಾಡಿಲ್ಲ. ಮಾಡದಿದ್ದರೆ ಬೇಡ ಎಂದು ಅಣ್ಣನ ಮಗಳೇ ಹೇಳಿದಳು. ಅಕ್ಕೋರು ಆ ಕಪ್ಪು ನೀಲಿ ಕುಪ್ಪಸವನ್ನು ಕೇಳಿ ಕಳಿಸಿದರು, ಒಗೆದು ಇಸ್ತ್ರಿ ಮಾಡಿ ಕೊಟ್ಟು ಬಂದೆ. ಬಾಗಿಲಲ್ಲಿ ತೆಗೆದುಕೊಂಡರು, ಒಳಗೆ ಕರೆಯಲಿಲ್ಲ. ರಸ್ತೆಯಲ್ಲಿ ಸಿಕ್ಕರೆ ನಾನು ನಮಸ್ಕಾರ ಎನ್ನುತ್ತೇನೆ. ಅವರು ಒಮ್ಮೊಮ್ಮೆ ಅನ್ನುತ್ತಾರೆ.

ಹಬ್ಬದ ಮರುದಿನ ಮಧ್ಯಾಹ್ನದ ಮಾತು. ಉಡಿ ಅಕ್ಕಿಯನ್ನು ಸಿಹಿ ಮಾಡಿ ಮನೆಯಲ್ಲೇ ಉಣ್ಣಬೇಕು. ಅಷ್ಟು ಅಕ್ಕಿ ಮೊರದಲ್ಲಿ ಹಾಕಿಕೊಂಡು ಧೂಳು, ಕಲ್ಲು ಆರಿಸಿ, ಬೆಲ್ಲ ಹಾಕಿ ಹುಗ್ಗಿ ಮಾಡಿದೆ. ಹಿಂದಿನ ದಿನದಿಂದ ವೈನಿ ನನ್ನ ಜೊತೆ ಒಂದು ಮಾತು ಆಡಿರಲಿಲ್ಲ. ಮಾತು ಕೊಟ್ಟು ತಪ್ಪಿದವಳು ನಾನು, ಏನು ಅಂದರೂ ಕೇಳಿಸಿಕೊಳ್ಳಲು ತಯಾರಾಗಿದ್ದೆ, ಹೋದದ್ದು ತಪ್ಪಾಯಿತು ಎಂದು ಮಾತ್ರ ಹೇಳುವವಳಿರಲಿಲ್ಲ. ವಾಡಿಯ ಹುಡುಗಿಯರೆಲ್ಲ ಬಂದು ಪಡಸಾಲೆಯಲ್ಲಿ ಗದ್ದಲ ಹಾಕುತ್ತಿದ್ದರು. ಅಣ್ಣನೂ ಕೈ ತೊಳೆದು ಬಂದ. ನಾನು ಸೌಟು ಹಿಡಿದು ಬಡಿಸಲು ಹೊರಟೆ.

ವೈನಿ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡರು. ಸಾಲಿನ ಮೊದಲಲ್ಲಿ ಒಂದು ಎಲೆ ಹಾಕಿ, ನನ್ನ ಮುಖ ನೋಡದೆ ಹೇಳಿದರು:

"ಕುಂದ್ರು. ಉಡಿ ತುಂಬಿಸ್ಕೊಂಡಾಕಿ ಮೊದಲ ಉಣಬೇಕು."

ಕುಳಿತೆ. ಎರಡು ಸಲ ಹಾಕಿಸಿಕೊಂಡು ಉಂಡೆ.